ಜೀವಿಗಳ ವಂಶಸಂಬಂಧ ಮತ್ತು ಜೀವವೈವಿಧ್ಯದ ರಕ್ಷಣೆ

ಜೀವವೈವಿಧ್ಯವೆಂದರೆ ಕೇವಲ ಪ್ರಭೇದಗಳ ಎಣಿಕೆಯಲ್ಲ. ಒಂದು ಕಾಡಿನಲ್ಲಿ ನೂರು ಬಗೆಯ ಪ್ರಾಣಿಗಳಿವೆಯೆಂದ ಮಾತ್ರಕ್ಕೆ ಅವು ಪರಸ್ಪರ ಎಷ್ಟು ಸಮೀಪದ ಬಂಧುಗಳೆಂಬುದು ತಿಳಿಯುವುದಿಲ್ಲ. ಜೀವಿಗಳು ಸಮಾನ ಪೂರ್ವಜರಿಂದ ಕವಲೊಡೆದು ಬಂದವೆಂದು ಡಾರ್ವಿನ್ನನು 1859ರಲ್ಲಿ ಪ್ರತಿಪಾದಿಸಿದನು. ಆ ವಂಶವೃಕ್ಷವನ್ನು ಅರಿಯದೆ, ಯಾವ ಜೀವಿ ಅಳಿದರೆ ಎಷ್ಟು ನಷ್ಟವೆಂಬುದನ್ನು ನಿರ್ಣಯಿಸಲಾಗದು. ಪಶ್ಚಿಮ ಘಟ್ಟಗಳ ಒಂದು ಕಪ್ಪೆಯು ಇದಕ್ಕೆ ಉತ್ತಮ ನಿದರ್ಶನವಾಗಿದೆ.

ಕೇರಳದ ಇಡುಕ್ಕಿ ಜಿಲ್ಲೆಯಲ್ಲಿ ದೊರೆತ, ನೇರಳೆ ಬಣ್ಣದ, ಚೂಪು ಮೂತಿಯ ಈ ಕಪ್ಪೆಯನ್ನು ಎಸ್. ಡಿ. ಬಿಜು ಮತ್ತು ಫ್ರಾಂಕಿ ಬೊಸ್ಯುಟ್ ಎಂಬ ವಿದ್ವಾಂಸರು 2003ರಲ್ಲಿ ವರ್ಣಿಸಿ, ‘ನಾಸಿಕಾಬಟ್ರಾಕಸ್ ಸಹ್ಯಾದ್ರೆನ್ಸಿಸ್’ ಎಂದು ಹೆಸರಿಟ್ಟರು. ವರ್ಷದ ಬಹುಭಾಗ ನೆಲದೊಳಗಿದ್ದು ಗೆದ್ದಲನ್ನು ತಿಂದು ಬದುಕುವ ಇದು, ಮುಂಗಾರಿನ ಆರಂಭದಲ್ಲಿ ಸಂತಾನೋತ್ಪತ್ತಿಗಾಗಿ ಅಲ್ಪಕಾಲ ಮಾತ್ರ ಹೊರಬರುತ್ತದೆ. ಇದರ ಗೊದಮೊಟ್ಟೆಯ ವರ್ಣನೆಯು 1918ರಲ್ಲಿಯೇ ಪ್ರಕಟವಾಗಿದ್ದರೂ ಅದರ ನಿಜವಾದ ಕುಲ ಅಜ್ಞಾತವಾಗಿಯೇ ಉಳಿದಿತ್ತು.

ಆನುವಂಶಿಕ ದ್ರವ್ಯವನ್ನು ಹೋಲಿಸಿ ನೋಡಿದಾಗ, ಇದರ ಅತಿ ಸಮೀಪದ ಬಂಧುಗಳು ನೆರೆಯ ಕಪ್ಪೆಗಳಲ್ಲ, ಹಿಂದೂ ಮಹಾಸಾಗರದಲ್ಲಿರುವ ಸೆಶೆಲ್ಸ್ ದ್ವೀಪಗಳ ಪುಟ್ಟ ಕಪ್ಪೆಗಳು ಎಂಬುದು ತಿಳಿದುಬಂದಿತು. ಸಮುದ್ರವನ್ನು ದಾಟಲಾರದ ಪ್ರಾಣಿಗಳಲ್ಲಿ ಈ ಬಾಂಧವ್ಯವು ಹೇಗೆ ಉಂಟಾಯಿತು? ಭಾರತವೂ ಸೆಶೆಲ್ಸೂ ಪ್ರಾಚೀನ ಗೊಂಡ್ವಾನ ಭೂಖಂಡದ ತುಣುಕುಗಳು. ಅವು ಪರಸ್ಪರ ಅಗಲಿದುದು ಸುಮಾರು 6.5 ಕೋಟಿ ವರ್ಷಗಳ ಹಿಂದೆ. ಹೀಗೆ ಭೂಖಂಡಗಳ ಚರಿತ್ರೆಗೆ ಈ ಕಪ್ಪೆಯೇ ಒಂದು ಸಾಕ್ಷ್ಯವಾಗಿದೆ.

ಇಂತಹ ಸಾಕ್ಷ್ಯದ ಬೆಲೆ ಇತಿಹಾಸದ ವಿದ್ಯಾರ್ಥಿಗೆ ಅಪರಿಚಿತವಲ್ಲ. ಹಲವು ಪ್ರತಿಗಳುಳ್ಳ ಗ್ರಂಥದ ಒಂದು ಓಲೆಕಟ್ಟು ನಾಶವಾದರೆ ಉಳಿದವುಗಳಿಂದ ಪಾಠವನ್ನು ಪುನಾರಚಿಸಬಹುದು. ಏಕೈಕ ಪ್ರತಿ ಹೋದರೆ ಗ್ರಂಥವೇ ಹೋದಂತೆ. 1992ರಲ್ಲಿ ಡೇನಿಯಲ್ ಫೇತ್ ಎಂಬ ವಿಜ್ಞಾನಿಯು ವಂಶವೃಕ್ಷದ ಕವಲುಗಳ ಉದ್ದವನ್ನು ಕೂಡಿಸಿ ವೈವಿಧ್ಯವನ್ನು ಅಳೆಯುವ ಕ್ರಮವನ್ನು ಸೂಚಿಸಿದನು. ಸಮೀಪ ಬಂಧುಗಳು ಹಲವಿರುವ ಪ್ರಭೇದವು ಅಳಿದರೆ ಕಿರುಗವಲೊಂದು ಮುರಿಯುತ್ತದೆ. ನೇರಳೆ ಕಪ್ಪೆಯ ಕುಟುಂಬದಲ್ಲಾದರೋ, 2017ರಲ್ಲಿ ವರ್ಣಿತವಾದ ಇನ್ನೊಂದನ್ನು ಸೇರಿಸಿಕೊಂಡರೂ ತಿಳಿದಿರುವ ಪ್ರಭೇದಗಳು ಎರಡೇ. ಅವೆರಡೂ ಅಳಿದರೆ ಕೋಟ್ಯಂತರ ವರ್ಷಗಳ ಹೆಗ್ಗೊಂಬೆಯೇ ಉರುಳುತ್ತದೆ. ಇಂತಹ ಒಂಟಿ ವಂಶಗಳಲ್ಲಿ ಅಪಾಯಕ್ಕೆ ಸಿಲುಕಿದವುಗಳಿಗೆ ಆದ್ಯತೆಯನ್ನು ಕೊಡುವ ಯೋಜನೆಯೊಂದನ್ನು ಲಂಡನ್ನಿನ ಪ್ರಾಣಿಶಾಸ್ತ್ರ ಸಂಘವು 2007ರಲ್ಲಿ ಆರಂಭಿಸಿತು.

ಇದರಿಂದ ಉಳಿದ ಪ್ರಭೇದಗಳು ನಿಕೃಷ್ಟವೆಂದು ಭಾವಿಸಬಾರದು. ಪರಾಗಸ್ಪರ್ಶವೇ ಮೊದಲಾದ ಕಾರ್ಯಗಳಲ್ಲಿ ಸಾಮಾನ್ಯ ಜೀವಿಯೂ ಅನಿವಾರ್ಯವಾಗಬಹುದು. ಹಣವೂ ಕಾಲವೂ ಪರಿಮಿತವಾಗಿರುವಾಗ ಮೊದಲು ಎತ್ತ ನೋಡಬೇಕೆಂಬುದನ್ನು ವಂಶವೃಕ್ಷವು ಸೂಚಿಸುತ್ತದೆ. ಆದರೆ ಕಾಪಾಡಬೇಕಾದುದು ಕಾಗದದ ಮೇಲಿನ ಕವಲನ್ನಲ್ಲ. ನೇರಳೆ ಕಪ್ಪೆಯ ಗೊದಮೊಟ್ಟೆಗಳು ರಭಸದಿಂದ ಹರಿಯುವ ತೊರೆಗಳಲ್ಲಿ ಬಂಡೆಗಳಿಗೆ ಬಾಯಿಂದ ಅಂಟಿಕೊಂಡು ಬೆಳೆಯುತ್ತವೆ. ಆ ತೊರೆಗಳ ಹರಿವನ್ನು ತಡೆದರೆ ಅವುಗಳಿಗೆ ನೆಲೆಯಿಲ್ಲ. ಆದುದರಿಂದ ಮಲೆನಾಡಿನ ಕಿರುತೊರೆಗೆ ಅಡ್ಡಗಟ್ಟೆಯನ್ನು ಕಟ್ಟುವ ಮುನ್ನ, ಅದರಲ್ಲಿ ಯಾವ ಜೀವಿಗಳು ಬೆಳೆಯುತ್ತವೆಂಬುದನ್ನು ಮಳೆಗಾಲದಲ್ಲಿಯೇ ಪರಿಶೀಲಿಸುವುದು ಅವಶ್ಯಕ.