ಮನೆಯ ಯಜಮಾನನೂ ಕಲಿಯಬೇಕಾದ ಅಡಿಗೆ: ಮುದ್ದೆ ಮತ್ತು ಬಸ್ಸಾರು



ಬೀಜ, ಗೊಬ್ಬರ, ಕೀಟಗಳ ವಿಚಾರವನ್ನು ಈ ಪತ್ರಿಕೆಯಲ್ಲಿ ಓದುತ್ತಲೇ ಇದ್ದೀರಿ. ಈ ಸಲ ಹೊಲದಿಂದ ಒಲೆಯ ಕಡೆಗೆ ಬರೋಣ. ಮನೆಯಾಕೆ ಜ್ವರದಿಂದ ಮಲಗಿದರೆ ಅಥವಾ ಹೆರಿಗೆಯಾಗಿ ಮಲಗಿದ್ದರೆ ಆ ಮನೆಯ ಒಲೆಯ ಗತಿಯೇನು? ಯಜಮಾನ ಹೋಟೆಲಿನ ದಾರಿ ಹಿಡಿಯುತ್ತಾನೆ. ಮಕ್ಕಳು ಟೀ, ಬನ್ನಿನಲ್ಲಿ ಹೊತ್ತು ಕಳೆಯುತ್ತವೆ. ಇಲ್ಲವೇ ಮೈ ಸುಡುತ್ತಿರುವವಳೇ ಎದ್ದು ಹೊಗೆಯ ಮುಂದೆ ಕೂರಬೇಕಾಗುತ್ತದೆ. ವಿಶ್ರಾಂತಿ ಬೇಕಾದ ಕಾಲದಲ್ಲಿ ಅದು ಸಿಗದಿದ್ದರೆ ಕಾಯಿಲೆ ಬೆಳೆಯುತ್ತದೆ, ಆಸ್ಪತ್ರೆಯ ಖರ್ಚೂ ಬೆಳೆಯುತ್ತದೆ.

“ಅಡಿಗೆ ಹೆಂಗಸರ ಕೆಲಸ” ಎನ್ನುವವರುಂಟು. ಮದುವೆಮನೆಯಲ್ಲಿ ಊರಿಗೆಲ್ಲ ಬೇಯಿಸುವವರು ಬಹುಪಾಲು ಗಂಡಸರೇ ಅಲ್ಲವೇ? ನಳಪಾಕ, ಭೀಮಪಾಕ ಎಂಬ ಮಾತುಗಳು ಬಂದದ್ದೂ ಗಂಡಸರಿಂದಲೇ. ಬಿತ್ತನೆಗೆ ನೆಲದ ಹದ ಬಲ್ಲ ನಿಮಗೆ ಹಿಟ್ಟಿನ ಹದ ತಿಳಿಯುವುದು ಕಷ್ಟವಲ್ಲ.

ಮೊದಲು ಬಸ್ಸಾರು ಮಾಡಿಕೊಳ್ಳಿ. ಮುದ್ದೆ ಬಿಸಿಯಾಗಿರುವಾಗಲೇ ಉಣ್ಣಬೇಕು. ಕೆಳಗಿನ ಅಳತೆ ನಾಲ್ಕು ಜನಕ್ಕೆ ಸಾಕು.

ಬಸ್ಸಾರು

1. ದಂಟು, ಕೀರೆ, ಹರಿವೆ ಅಥವಾ ಬೆರಕೆ ಸೊಪ್ಪು ಎರಡು ಕಟ್ಟು ತೆಗೆದುಕೊಳ್ಳಿ. ಸೊಪ್ಪನ್ನು ಮೊದಲು ತೊಳೆದು, ಆಮೇಲೆ ಹೆಚ್ಚಿರಿ. ಹೆಚ್ಚಿದ ಮೇಲೆ ತೊಳೆದರೆ ಅದರ ಸತ್ವ ನೀರಿನೊಡನೆ ಹೋಗುತ್ತದೆ.

2. ಒಂದು ಸಣ್ಣ ಲೋಟ ತೊಗರಿಬೇಳೆಯನ್ನು ತೊಳೆದು ಆರು ಲೋಟ ನೀರಿನಲ್ಲಿ ಬೇಯಿಸಿ. ಬೆರಳಿನಲ್ಲಿ ಒತ್ತಿದರೆ ಬೇಳೆ ಮುರಿಯಬೇಕು, ಕರಗಿರಬಾರದು. ಆಗ ಸೊಪ್ಪು, ಉಪ್ಪು ಹಾಕಿ ಐದಾರು ನಿಮಿಷ ಬೇಯಿಸಿ.

3. ನೀರನ್ನು ಬೇರೆ ಪಾತ್ರೆಗೆ ಬಸಿಯಿರಿ. ಈ ಕಟ್ಟೇ ಸಾರಿನ ಜೀವ. ಅದನ್ನು ಚೆಲ್ಲುವುದೆಂದರೆ ಗೊಬ್ಬರದ ಗುಂಡಿಯ ರಸವನ್ನು ಚರಂಡಿಗೆ ಹರಿಯಬಿಟ್ಟ ಹಾಗೆ.

4. ಒಂದು ಈರುಳ್ಳಿ, ಆರು ಎಸಳು ಬೆಳ್ಳುಳ್ಳಿ, ನಾಲ್ಕು ಒಣಮೆಣಸಿನಕಾಯಿ, ಒಂದು ಚಮಚ ಜೀರಿಗೆ, ಏಳೆಂಟು ಕಾಳುಮೆಣಸು ಇವನ್ನು ತುಸು ಎಣ್ಣೆಯಲ್ಲಿ ಹುರಿಯಿರಿ. ಒಂದು ಹಿಡಿ ತೆಂಗಿನಕಾಯಿ ತುರಿ, ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು, ಬೆಂದ ಸೊಪ್ಪು-ಬೇಳೆ ಒಂದು ಹಿಡಿ ಸೇರಿಸಿ ನುಣ್ಣಗೆ ರುಬ್ಬಿರಿ.

5. ರುಬ್ಬಿದ ಖಾರವನ್ನು ಕಟ್ಟಿಗೆ ಬೆರೆಸಿ ಚೆನ್ನಾಗಿ ಕುದಿಸಿ, ಸಾಸಿವೆ, ಕರಿಬೇವಿನ ಒಗ್ಗರಣೆ ಕೊಡಿ. ಉಳಿದ ಸೊಪ್ಪು-ಬೇಳೆಗೆ ಈರುಳ್ಳಿ, ಮೆಣಸಿನಕಾಯಿ ಒಗ್ಗರಣೆ ಹಾಕಿದರೆ ಪಲ್ಯವಾಯಿತು.

ರಾಗಿ ಮುದ್ದೆ

1. ನಾಲ್ಕು ಲೋಟ ನೀರು, ಚಿಟಿಕೆ ಉಪ್ಪು ಹಾಕಿ ಎಸರಿಡಿ. ಎರಡು ಲೋಟ ರಾಗಿಹಿಟ್ಟು ಅಳೆದುಕೊಳ್ಳಿ. ಅದರಲ್ಲಿ ಒಂದು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಕಲಸಿ ಎಸರಿಗೆ ಹುಯ್ಯಿರಿ. ಇದರಿಂದ ಗಂಟು ಕಡಿಮೆಯಾಗುತ್ತದೆ.

2. ಎಸರು ಮರಳಿದಾಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿಯಿರಿ. ಕಲಕಬೇಡಿ. ಉರಿ ತಗ್ಗಿಸಿ, ಎಂಟು ಹತ್ತು ನಿಮಿಷ ಬೇಯಲು ಬಿಡಿ. ಹೊಸಬರು ಸೋಲುವುದು ಇಲ್ಲಿಯೇ. ಅವಸರದಲ್ಲಿ ಕಲಕಿದರೆ ಹಿಟ್ಟು ಹಸಿಯಾಗಿ ಉಳಿಯುತ್ತದೆ.

3. ಪಾತ್ರೆಯನ್ನು ಕೆಳಗಿಳಿಸಿ, ಕವೆಗೋಲಿನಿಂದ ಅಲುಗದಂತೆ ಒತ್ತಿ ಹಿಡಿದು, ಮುದ್ದೆಕೋಲಿನಿಂದ ಗಂಟಿಲ್ಲದಂತೆ ತಿರುವಿರಿ. ಮತ್ತೆ ಸಣ್ಣ ಉರಿಯ ಮೇಲಿಟ್ಟು, ಮುಚ್ಚಿ, ಎರಡು ಮೂರು ನಿಮಿಷ ಉಬ್ಬೆಯಲ್ಲಿ ಬೇಯಿಸಿ. ಒದ್ದೆ ಬೆರಳಿಗೆ ಅಂಟದಿದ್ದರೆ ಬೆಂದಿದೆಯೆಂದು ತಿಳಿಯಿರಿ.

4. ಒದ್ದೆ ಮಾಡಿದ ಮಣೆಯ ಮೇಲೆ, ಕೈಗೆ ನೀರು ಹಚ್ಚಿಕೊಂಡು ಉಂಡೆ ಕಟ್ಟಿರಿ.

ಈ ಊಟವನ್ನು ಬಡವರ ಊಟವೆಂದು ಹಗುರವಾಗಿ ಕಾಣಬೇಡಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಷ್ಟೇ ತೂಕದ ಪಾಲಿಷ್ ಅಕ್ಕಿಯಲ್ಲಿ 10ರ ಆಸುಪಾಸು ಮಾತ್ರ. ಬೇಳೆಯಿಂದ ಮೈ ಬೆಳೆಸುವ ಪ್ರೋಟೀನು, ಸೊಪ್ಪಿನಿಂದ ರಕ್ತಕ್ಕೆ ಬೇಕಾದ ಕಬ್ಬಿಣಾಂಶ ದೊರೆಯುತ್ತವೆ. ಉಣ್ಣುವಾಗ ಪಲ್ಯದ ಮೇಲೆ ನಿಂಬೆಹಣ್ಣು ಹಿಂಡಿಕೊಂಡರೆ ಆ ಕಬ್ಬಿಣಾಂಶ ಮೈಗೆ ಹೆಚ್ಚು ಹತ್ತುತ್ತದೆ. ಊಟದೊಡನೆ ಟೀ ಕುಡಿದರೆ ಕಡಿಮೆಯಾಗುತ್ತದೆ.

ರೈತನ ಅಡಿಗೆಮನೆಗೆ ಇನ್ನೆರಡು ಎಚ್ಚರಿಕೆಗಳಿವೆ. ಔಷಧಿ ಸಿಂಪಡಿಸಿದ ಹೊಲದ ಸೊಪ್ಪನ್ನು, ಡಬ್ಬಿಯ ಮೇಲೆ ಬರೆದಿರುವಷ್ಟು ದಿನ ಕಳೆಯುವ ತನಕ ಕುಯ್ಯಬೇಡಿ. ಬದುವಿನ ಬೆರಕೆ ಸೊಪ್ಪಿಗೂ ಆ ಔಷಧಿ ಹಾರಿರುತ್ತದೆ. ಖಾಲಿಯಾದ ಔಷಧಿ ಡಬ್ಬಿಯನ್ನು ಎಷ್ಟು ತೊಳೆದರೂ ಹಿಟ್ಟಿಗೆ, ಎಣ್ಣೆಗೆ, ನೀರಿಗೆ ಬಳಸಬಾರದು.

ಕಾಯಿಲೆ ಬರುವ ದಿನ ಕಲಿಯಲು ಹೊರಟರೆ ಆಗದು. ಮನೆಯವರೆಲ್ಲ ಆರೋಗ್ಯವಾಗಿರುವಾಗಲೇ ಈ ವಾರ ಒಂದು ಸಂಜೆ ನೀವು ಒಲೆ ಹಚ್ಚಿರಿ. ಗುರುಗಳು ಮನೆಯಲ್ಲೇ ಇದ್ದಾರೆ. ಅವರನ್ನು ಮಣೆಯ ಮೇಲೆ ಕೂರಿಸಿ, ಕೇಳಿ ಕೇಳಿ ಮಾಡಿರಿ. ಹತ್ತು ಹನ್ನೆರಡು ವಯಸ್ಸಿನ ಗಂಡುಮಕ್ಕಳನ್ನೂ ಜೊತೆಗೆ ಕರೆದುಕೊಳ್ಳಿ. ಮೊದಲ ಮುದ್ದೆಯಲ್ಲಿ ನಾಲ್ಕು ಗಂಟು ಸಿಕ್ಕರೆ ಚಿಂತೆಯಿಲ್ಲ. ಮೂರನೆಯ ಸಲಕ್ಕೆ ಕೈ ಪಳಗುತ್ತದೆ.