ಟೊಮ್ಯಾಟೊ ಒಣಗಿಸುವ ಬಿಸಿಲು ಪೆಟ್ಟಿಗೆ

ಬೆಲೆ ಕುಸಿದಾಗ ಟೊಮ್ಯಾಟೊವನ್ನು ರಸ್ತೆಬದಿಗೆ ಸುರಿಯುವ ದೃಶ್ಯ ದೇವನಕೊಂಡ, ಪತ್ತಿಕೊಂಡ ಪ್ರದೇಶದ ಮಕ್ಕಳಿಗೆ ಹೊಸದಲ್ಲ. ಆವಿಯಾಗುವಿಕೆಯ ಪಾಠವನ್ನು ಅಲ್ಲಿಂದಲೇ ಆರಂಭಿಸಬಹುದು. ಈ ಹಣ್ಣಿನಲ್ಲಿ ಸುಮಾರು ಶೇಕಡಾ 94 ನೀರು. 10 ಕಿಲೋ ಒಣಗಿಸಿದರೆ ಒಂದು ಕಿಲೋಗಿಂತ ಕಡಿಮೆ ಉಳಿಯುತ್ತದೆ. ಅಂಗಳದಲ್ಲಿ ಹರಡಿದರೆ ಧೂಳು, ನೊಣ. ಒಳಗೆ ಕಪ್ಪು ಬಳಿದು ಮೇಲೆ ಗಾಜು ಹೊದಿಸಿದ ಮರದ ಪೆಟ್ಟಿಗೆಯಲ್ಲಿ ಉಷ್ಣತೆ 50–60 ಡಿಗ್ರಿಗೆ ಏರುತ್ತದೆ.

ಬಿಸಿಯೊಂದೇ ಸಾಲದು. ಮುಂಬದಿಯ ಕೆಳಗೂ ಹಿಂಬದಿಯ ಮೇಲೂ ರಂಧ್ರಗಳಿರಬೇಕು. ತೇವ ಹೊತ್ತ ಬಿಸಿಗಾಳಿ ಮೇಲಿನಿಂದ ಹೊರಹೋದಂತೆ ಕೆಳಗಿನಿಂದ ಒಣಗಾಳಿ ಒಳಬರುತ್ತದೆ. ತರಬೇತಿಯೊಂದರಲ್ಲಿ ನಾವು ಧೂಳಿಗೆ ಹೆದರಿ ರಂಧ್ರಗಳನ್ನೇ ಮುಚ್ಚಿದೆವು. ಗಾಜಿನ ಒಳಮೈ ಬೆವರಿತು. ಮೂರನೆಯ ದಿನ ಹೋಳುಗಳ ಮೇಲೆ ಬೂಷ್ಟು! ತೆಳುಬಟ್ಟೆ ಕಟ್ಟಿದ್ದರೆ ಸಾಕಿತ್ತು.

ಹೋಳುಗಳನ್ನು ದಿನವೂ ಮಕ್ಕಳಿಂದ ತೂಗಿಸಿ, ತೂಕವನ್ನು ಬರೆಯಿಸಿರಿ. ತೂಕ ಇಳಿಯುವುದು ನಿಂತ ಮೇಲೆ ಡಬ್ಬಿಗೆ ತುಂಬಬಹುದು.