ಕ್ರೀಡಾ ಮನೋಭಾವ: ಕಲಿಯುವುದು ಹೇಗೆ, ಕಲಿಸುವುದು ಹೇಗೆ?

ಶಾಲೆಯ ಕ್ರೀಡಾಕೂಟ ಉದ್ಘಾಟಿಸಲು ಬಂದ ಮುಖ್ಯ ಅತಿಥಿಗಳು ತಪ್ಪದೆ ಹೇಳುವ ಮಾತೊಂದಿದೆ: ಸೋಲು ಗೆಲುವು ಮುಖ್ಯವಲ್ಲ, ಭಾಗವಹಿಸುವುದು ಮುಖ್ಯ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಅರ್ಧ ಗಂಟೆ ಕಳೆಯುವುದರೊಳಗೆ ಅದೇ ಮಕ್ಕಳು ಕಬಡ್ಡಿ ಅಂಕಣದ ಸುತ್ತ ಸೇರಿ ‘ಮುಟ್ಟಿದ’, ‘ಇಲ್ಲ, ಮುಟ್ಟಲಿಲ್ಲ’ ಎಂದು ಜಗಳಕ್ಕೆ ನಿಂತಿರುತ್ತಾರೆ.

ಹಾಗಾದರೆ ಅತಿಥಿಗಳ ಮಾತು ಸುಳ್ಳೇ? ಸುಳ್ಳಲ್ಲ; ಆದರೆ ಅದು ಪೂರ್ತಿ ಮಾತೂ ಅಲ್ಲ. ಗೆಲ್ಲಬೇಕೆಂಬ ಛಲವಿಲ್ಲದಿದ್ದರೆ ಆಟವೇ ಸಪ್ಪೆ. ಗೆಲ್ಲಲು ಪೂರ್ತಿ ಶಕ್ತಿ ಹಾಕಿ ಆಡುವುದು ಎದುರಾಳಿಗೆ ನಾವು ಕೊಡುವ ಮರ್ಯಾದೆಯೂ ಹೌದು. ಪ್ರಶ್ನೆ ಇರುವುದು, ಆ ಗೆಲುವಿಗಾಗಿ ನಾವು ಏನನ್ನು ಮಾಡುತ್ತೇವೆ, ಏನನ್ನು ಮಾಡುವುದಿಲ್ಲ ಎಂಬುದರಲ್ಲಿ. ಇದನ್ನು ತಿಳಿದು ನಡೆಯುವುದಕ್ಕೇ ಕ್ರೀಡಾ ಮನೋಭಾವ ಎಂದು ಹೆಸರು.

ಇದು ಹುಟ್ಟುಗುಣವಲ್ಲ. ಭಾಷಣ ಕೇಳಿ ಬರುವಂಥದೂ ಅಲ್ಲ. ಕ್ಯಾಚ್ ಹಿಡಿಯುವುದನ್ನು ಯಾರೂ ಉಪದೇಶದಿಂದ ಕಲಿಯುವುದಿಲ್ಲ. ದಿನವೂ ಹಿಡಿದು, ಕೈಬಿಟ್ಟು, ಮತ್ತೆ ಹಿಡಿದು ಕಲಿಯುತ್ತಾರೆ. ಕ್ರೀಡಾ ಮನೋಭಾವವೂ ಹಾಗೆಯೇ ಅಭ್ಯಾಸದಿಂದ ಬರಬೇಕು. ಇದರಲ್ಲಿ ವಿದ್ಯಾರ್ಥಿಗಳಾದ ನಿಮಗೆ ಎರಡು ಪಾತ್ರಗಳಿವೆ. ನೀವು ಸ್ವತಃ ಆಟಗಾರರು. ಜೊತೆಗೆ ನಿಮಗಿಂತ ಚಿಕ್ಕವರಿಗೆ ಅಣ್ಣ, ಅಕ್ಕ. ಬೀದಿಯ ಪಂದ್ಯಕ್ಕೆ ಅಂಪೈರ್. ಶಾಲಾ ತಂಡಕ್ಕೆ ನಾಯಕ. ಚಿಕ್ಕ ಮಕ್ಕಳು ನೋಡಿ ಕಲಿಯುವುದು ನಿಮ್ಮನ್ನೇ.

ನಿಯಮ ಬೇರೆ, ನ್ಯಾಯ ಬೇರೆಯೇ?

ನಿಯಮ ಮುರಿಯದಿದ್ದರೆ ಸಾಕಲ್ಲವೇ ಎಂದು ನೀವು ಕೇಳಬಹುದು. ಸಾಲದು ಎಂಬುದಕ್ಕೆ 1981ರ ಫೆಬ್ರವರಿ 1ರಂದು ಮೆಲ್ಬರ್ನ್‌ನಲ್ಲಿ ನಡೆದ ಒಂದು ದಿನದ ಕ್ರಿಕೆಟ್ ಪಂದ್ಯ ಸಾಕ್ಷಿ. ಪಂದ್ಯವನ್ನು ಸಮ ಮಾಡಿಕೊಳ್ಳಲು ನ್ಯೂಜಿಲೆಂಡ್‌ಗೆ ಕೊನೆಯ ಎಸೆತದಲ್ಲಿ ಆರು ಓಟ ಬೇಕಿತ್ತು. ಆಸ್ಟ್ರೇಲಿಯಾದ ನಾಯಕ ಗ್ರೆಗ್ ಚಾಪೆಲ್, ಬೌಲ್ ಮಾಡುತ್ತಿದ್ದ ತಮ್ಮ ಟ್ರೆವರ್‌ಗೆ ಚೆಂಡನ್ನು ನೆಲದ ಮೇಲೆ ಉರುಳಿಸಿಬಿಡಲು ಹೇಳಿದರು. ಉರುಳಿ ಬರುವ ಚೆಂಡಿಗೆ ಸಿಕ್ಸರ್ ಹೊಡೆಯುವುದು ಹೇಗೆ? ಆಸ್ಟ್ರೇಲಿಯಾ ಗೆದ್ದಿತು. ಆ ಪಂದ್ಯದ ನಿಯಮದ ಪ್ರಕಾರ ಅದು ತಪ್ಪಾಗಿರಲಿಲ್ಲ. ಆದರೂ ಎರಡೂ ದೇಶಗಳ ಪ್ರಧಾನಿಗಳು ಅದನ್ನು ಖಂಡಿಸಿದರು. ಮುಂದೆ ಒಂದು ದಿನದ ಪಂದ್ಯಗಳಲ್ಲಿ ಅಂಥ ಎಸೆತವನ್ನೇ ನಿಷೇಧಿಸಲಾಯಿತು.

ನಿಯಮ ಬರೆಯುವವರು ಮನುಷ್ಯರ ಎಲ್ಲ ಕುಯುಕ್ತಿಗಳನ್ನೂ ಮೊದಲೇ ಊಹಿಸಲಾರರು. ಅಂಪೈರ್‌ಗೆ ಎಲ್ಲವೂ ಕಾಣುವುದಿಲ್ಲ. ವಾಲಿಬಾಲ್‌ನಲ್ಲಿ ಚೆಂಡನ್ನು ತಡೆಯಲು ಹಾರಿದವನ ಬೆರಳ ತುದಿಗೆ ಚೆಂಡು ಸವರಿ ಹೊರಗೆ ಬಿದ್ದರೆ, ಅದು ತಾಗಿತೋ ಇಲ್ಲವೋ ಎಂಬುದು ಎಲ್ಲರಿಗಿಂತ ಮೊದಲು ಗೊತ್ತಾಗುವುದು ಅವನಿಗೇ. ನಿಯಮದ ಕಣ್ಣು ತಲುಪದ ಇಂಥ ಕಡೆ ಆಟಗಾರನ ಮನಸ್ಸಾಕ್ಷಿ ಕೆಲಸ ಮಾಡಬೇಕು.

ಮುಂಬಯಿಯ ಒಂದು ತೀರ್ಮಾನ

ಮೆಲ್ಬರ್ನ್ ಘಟನೆಗೆ ಒಂದು ವರ್ಷ ಮೊದಲು, 1980ರ ಫೆಬ್ರವರಿಯಲ್ಲಿ, ಭಾರತೀಯ ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವದ ಅಂಗವಾಗಿ ಮುಂಬಯಿಯ ವಾಂಖೆಡೆ ಕ್ರೀಡಾಂಗಣದಲ್ಲಿ ಇಂಗ್ಲೆಂಡ್ ವಿರುದ್ಧ ಟೆಸ್ಟ್ ನಡೆಯಿತು. ಭಾರತದ ನಾಯಕರು ನಮ್ಮ ಭದ್ರಾವತಿಯ ಜಿ.ಆರ್. ವಿಶ್ವನಾಥ್. ಭಾರತ 242 ಓಟ ಗಳಿಸಿತ್ತು. ಇಂಗ್ಲೆಂಡ್ 58 ಓಟಗಳಿಗೆ 5 ವಿಕೆಟ್ ಕಳೆದುಕೊಂಡು ಕಷ್ಟದಲ್ಲಿತ್ತು. ಆಗ ಇಯಾನ್ ಬಾಥಂ ಜೊತೆಗೂಡಿದವರು ವಿಕೆಟ್ ಕೀಪರ್ ಬಾಬ್ ಟೇಲರ್.

ಚೆಂಡು ಟೇಲರ್ ಬ್ಯಾಟಿಗೆ ತಾಗಿ ಕೀಪರ್ ಕೈ ಸೇರಿತೆಂದು ಮನವಿಯಾಯಿತು. ಅಂಪೈರ್ ಬೆರಳೆತ್ತಿದರು. ಆದರೆ ಸ್ಲಿಪ್‌ನಲ್ಲಿ ನಿಂತಿದ್ದ ವಿಶ್ವನಾಥ್ ಅವರಿಗೆ ಚೆಂಡು ಬ್ಯಾಟಿಗೆ ತಾಗಿಲ್ಲ ಎಂಬುದು ಖಚಿತವಾಗಿತ್ತು. ಅವರು ಅಂಪೈರ್ ಜೊತೆ ಮಾತನಾಡಿ ಟೇಲರ್ ಅವರನ್ನು ವಾಪಸು ಕರೆಸಿದರು. ಮುಂದೆ ಆ ಜೋಡಿ 171 ಓಟ ಸೇರಿಸಿತು. ಬಾಥಂ 114, ಟೇಲರ್ 43. ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ವಿಶ್ವನಾಥ್ ಭಾರತದ ನಾಯಕರಾಗಿದ್ದುದು ಒಟ್ಟು ಎರಡೇ ಟೆಸ್ಟ್‌ಗಳಿಗೆ, ಇದು ಎರಡನೆಯದು.

ಪ್ರಾಮಾಣಿಕವಾಗಿ ಆಡಿದರೆ ಗೆಲುವು ತಾನಾಗಿಯೇ ಬರುತ್ತದೆ ಎಂದು ಮಕ್ಕಳಿಗೆ ಹೇಳಬಾರದು. ಕೆಲವು ಸಲ ಪ್ರಾಮಾಣಿಕತೆಗೆ ಬೆಲೆ ತೆರಬೇಕಾಗುತ್ತದೆ ಎಂಬುದೇ ನಿಜ. ಹಾಗಾದರೆ ಇಡೀ ತಂಡದ ಶ್ರಮವನ್ನು ಒಬ್ಬ ನಾಯಕ ಬಿಟ್ಟುಕೊಡಬಹುದೇ? ಇದು ನ್ಯಾಯವಾದ ಪ್ರಶ್ನೆ. ಅಂಪೈರ್ ಒಪ್ಪಿಗೆ ಪಡೆದು ಮನವಿಯನ್ನು ಹಿಂತೆಗೆದುಕೊಳ್ಳುವ ಅಧಿಕಾರವನ್ನು ಕ್ರಿಕೆಟ್ ನಿಯಮಾವಳಿಯೇ ನಾಯಕನಿಗೆ ಕೊಟ್ಟಿದೆ. ಅದಕ್ಕಿಂತ ಮುಖ್ಯವಾದ ಉತ್ತರ ಇನ್ನೊಂದಿದೆ. ಔಟಾಗದ ದಾಂಡಿಗನ ವಿಕೆಟ್ ತಂಡದ ಸೊತ್ತಲ್ಲ. ನಮ್ಮದಲ್ಲದ್ದನ್ನು ಹಿಂತಿರುಗಿಸಿದರೆ ಅದು ದಾನವೂ ಅಲ್ಲ, ನಷ್ಟವೂ ಅಲ್ಲ.

ಮಕ್ಕಳು ತಪ್ಪುವುದು ಎಲ್ಲಿ?

ಮಗು ಆಟ ಮುಗಿಸಿ ಮನೆಗೆ ಬಂದ ಕೂಡಲೇ ಕೇಳುವ ಮೊದಲ ಪ್ರಶ್ನೆ ಯಾವುದು? ‘ಗೆದ್ಯಾ? ನೀನೆಷ್ಟು ಹೊಡೆದೆ?’ ದಿನವೂ ಇದೇ ಪ್ರಶ್ನೆಯಾದರೆ, ಮನೆಯವರಿಗೆ ಬೇಕಾದದ್ದು ಆಟವಲ್ಲ, ಅಂಕ ಎಂದು ಮಗು ಅರ್ಥಮಾಡಿಕೊಳ್ಳುತ್ತದೆ. ‘ಆಟ ಹೇಗಿತ್ತು? ಆ ಕಡೆಯ ತಂಡದಲ್ಲಿ ಯಾರು ಚೆನ್ನಾಗಿ ಆಡಿದರು?’ ಎಂದು ಕೇಳಿ ನೋಡಿ. ಎದುರಾಳಿಯ ಆಟವನ್ನು ಗಮನಿಸುವ, ಮೆಚ್ಚುವ ಕಣ್ಣು ತಾನಾಗಿ ತೆರೆಯುತ್ತದೆ. ನಿಮ್ಮ ತಮ್ಮ ತಂಗಿಯರಿಗೆ ಈ ಪ್ರಶ್ನೆ ಕೇಳಲು ಅಪ್ಪ ಅಮ್ಮನೇ ಆಗಬೇಕಿಲ್ಲ.

ದೊಡ್ಡವರು ಹೇಳಿಕೊಟ್ಟು ಮಾಡಿಸಿದ ತಪ್ಪುಗಳೂ ಇವೆ. 2018ರ ಮಾರ್ಚ್‌ನಲ್ಲಿ ಕೇಪ್‌ಟೌನ್ ಟೆಸ್ಟ್‌ನಲ್ಲಿ ಆಸ್ಟ್ರೇಲಿಯಾದ ಕ್ಯಾಮರಾನ್ ಬ್ಯಾಂಕ್ರಾಫ್ಟ್ ಉಪ್ಪುಕಾಗದದಿಂದ ಚೆಂಡನ್ನು ಉಜ್ಜಲು ಹೋಗಿ ಸಿಕ್ಕಿಬಿದ್ದರು. ಉಪಾಯ ಅವರದಲ್ಲ, ಉಪನಾಯಕ ಡೇವಿಡ್ ವಾರ್ನರ್ ಅವರದು. ನಾಯಕ ಸ್ಟೀವ್ ಸ್ಮಿತ್ ತಿಳಿದೂ ತಡೆಯಲಿಲ್ಲ. ಸ್ಮಿತ್ ಮತ್ತು ವಾರ್ನರ್ ಅವರಿಗೆ ಹನ್ನೆರಡು ತಿಂಗಳು, ಬ್ಯಾಂಕ್ರಾಫ್ಟ್‌ಗೆ ಒಂಬತ್ತು ತಿಂಗಳು ನಿಷೇಧವಾಯಿತು. ‘ಅಣ್ಣ ಹೇಳಿದ, ಮಾಡಿದೆ’ ಎನ್ನುವ ಕಿರಿಯನೂ ಶಿಕ್ಷೆಯಿಂದ ಪಾರಾಗಲಿಲ್ಲ, ಸುಮ್ಮನಿದ್ದ ಹಿರಿಯನೂ ಪಾರಾಗಲಿಲ್ಲ.

ನಮ್ಮಲ್ಲಿ ಇನ್ನೊಂದು ಪಿಡುಗಿದೆ: ವಯಸ್ಸು ಮರೆಮಾಚುವುದು. ಹದಿನೆಂಟರ ಹುಡುಗನನ್ನು ಹದಿನಾರರವನೆಂದು ಆಡಿಸುವವರು ತಂಡಕ್ಕೆ ಉಪಕಾರ ಮಾಡಿದೆವೆಂದು ತಿಳಿಯುತ್ತಾರೆ. ಆದರೆ ನಿಜವಾಗಿ ಹದಿನಾರು ವಯಸ್ಸಿನ ಒಬ್ಬನ ಸ್ಥಾನ ಅಲ್ಲಿಗೆ ಹೋಯಿತು. ಅವನಿಗೆ ಆ ವರ್ಷ ಮತ್ತೆ ಬರುವುದಿಲ್ಲ. ಕಿರಿಯರ ಕ್ರಿಕೆಟ್‌ನಲ್ಲಿ ಮೂಳೆಯ ಬೆಳವಣಿಗೆಯನ್ನು ಎಕ್ಸ್‌ರೇ ತೆಗೆದು ಪರೀಕ್ಷಿಸುವ ಕ್ರಮ ಬಂದಿರುವುದು ಇದೇ ಕಾರಣಕ್ಕೆ. ರಾಹುಲ್ ದ್ರಾವಿಡ್ 2015ರಲ್ಲಿ ಪಟೌಡಿ ಸ್ಮಾರಕ ಉಪನ್ಯಾಸದಲ್ಲಿ ಈ ಪಿಡುಗಿನ ವಿರುದ್ಧ ಕಟುವಾಗಿ ಮಾತನಾಡಿದರು. ಮಗು ಕಲಿಯುವ ಮೊದಲ ಪಾಠವೇ ಸುಳ್ಳು ದಾಖಲೆಯಾದರೆ ಮುಂದಿನ ಪಾಠ ಏನಾದೀತು?

ಆಟಕ್ಕುಂಟು, ಲೆಕ್ಕಕ್ಕಿಲ್ಲ

ಈ ಗಾದೆ ಎಲ್ಲರಿಗೂ ಗೊತ್ತು. ಚಿಕ್ಕವರು ಅಳದಿರಲೆಂದು ಆಟಕ್ಕೆ ಸೇರಿಸಿಕೊಂಡು, ಅಂಕಕ್ಕೆ ಮಾತ್ರ ಸೇರಿಸದಿರುವುದು ಹಳೆಯ ರೂಢಿ. ಐದು ವರ್ಷದ ಮಗುವಿಗೆ ಇದು ಅಕ್ಕರೆ. ಆದರೆ ಹನ್ನೆರಡು ವರ್ಷದವನನ್ನು ವರ್ಷವಿಡೀ ನೀರಿನ ಬಾಟಲಿ ಕಾಯಲು ಕೂರಿಸಿದರೆ ಅದು ಅವಮಾನ. ಕ್ರೀಡಾ ಮನೋಭಾವ ಎಂದರೆ ಎದುರಾಳಿಯ ಕೈ ಕುಲುಕುವುದಷ್ಟೇ ಅಲ್ಲ. ನಮ್ಮದೇ ತಂಡದ ದುರ್ಬಲನನ್ನು ನಾವು ಹೇಗೆ ನಡೆಸಿಕೊಳ್ಳುತ್ತೇವೆ ಎಂಬುದೂ ಅದರಲ್ಲಿ ಸೇರಿದೆ.

ಕಬಡ್ಡಿಯಲ್ಲಿ ಒಂದು ಸುಂದರ ನಿಯಮವಿದೆ. ನಾವು ಎದುರಾಳಿಯನ್ನು ಔಟ್ ಮಾಡಿದರೆ ಹೊರಗೆ ಕುಳಿತ ನಮ್ಮವನೊಬ್ಬನಿಗೆ ಮರುಜೀವ. ಔಟಾದ ಅನುಕ್ರಮದಲ್ಲೇ ಒಬ್ಬೊಬ್ಬರಾಗಿ ಒಳಗೆ ಬರಬೇಕು. ಬೇಕಾದವನನ್ನು ಮೊದಲು ಕರೆಸಿಕೊಳ್ಳುವಂತಿಲ್ಲ. ಇಲ್ಲಿ ಎಲ್ಲರೂ ಲೆಕ್ಕಕ್ಕುಂಟು.

2018ರಲ್ಲಿ ಭಾರತದ 19 ವರ್ಷದೊಳಗಿನವರ ತಂಡ ವಿಶ್ವಕಪ್ ಗೆದ್ದಾಗ ಮಂಡಳಿಯು ತರಬೇತುದಾರ ದ್ರಾವಿಡ್‌ಗೆ 50 ಲಕ್ಷ, ಉಳಿದ ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ ರೂಪಾಯಿ ಬಹುಮಾನ ಘೋಷಿಸಿತು. ಎಲ್ಲರೂ ಒಂದೇ ರೀತಿ ದುಡಿದಿರುವಾಗ ಈ ವ್ಯತ್ಯಾಸ ಏಕೆ ಎಂದು ದ್ರಾವಿಡ್ ಆಕ್ಷೇಪಿಸಿದರು. ಕೊನೆಗೆ ಅವರನ್ನೂ ಸೇರಿಸಿ ಎಲ್ಲರಿಗೂ ತಲಾ 25 ಲಕ್ಷವಾಯಿತು. ತಮಗೆ ಬರಬೇಕಿದ್ದ ಅರ್ಧ ಹಣವನ್ನು ಬಿಟ್ಟುಕೊಟ್ಟ ಈ ನಡೆಯನ್ನು ಅವರ ಹುಡುಗರೂ ನೋಡಿದರು.

ಕೊಡಗಿನಲ್ಲಿ 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಹಬ್ಬವನ್ನೂ ಇಲ್ಲಿ ನೆನೆಯಬೇಕು. ಒಂದು ತಂಡ ಎಂದರೆ ಒಂದು ಮನೆತನ. ಅಣ್ಣನ ಜೊತೆ ತಂಗಿ, ಮಗನ ಜೊತೆ ಅಪ್ಪ ಒಂದೇ ತಂಡದಲ್ಲಿ ಆಡುತ್ತಾರೆ. ಹಿರಿಯರು ಗೆರೆಯಾಚೆ ನಿಂತು ಉಪದೇಶ ಮಾಡುವ ಬದಲು ಜೊತೆಗೆ ಓಡಿದರೆ ಮಕ್ಕಳು ಬೇಗ ಕಲಿಯುತ್ತಾರೆ.

ಮೈದಾನದಲ್ಲೇ ಮಾಡಬಹುದಾದ ಅಭ್ಯಾಸಗಳು

ನಿಮ್ಮ ತಂಡದಲ್ಲಿ ನಾಳೆಯಿಂದಲೇ ಆರಂಭಿಸಬಹುದಾದ ಕೆಲವು ಕ್ರಮಗಳು ಇಲ್ಲಿವೆ.

1. ಆಟಕ್ಕೆ ಮೊದಲೇ ಮಾತಾಗಲಿ. ಗೋಡೆಗೆ ತಾಗಿ ಬಂದ ಚೆಂಡನ್ನು ಹಿಡಿದರೆ ಔಟೇ? ಚರಂಡಿಗೆ ಬಿದ್ದರೆ ಎಷ್ಟು ಓಟ? ಬೀದಿಯ ಆಟದ ಬಹುಪಾಲು ಜಗಳ ಮೋಸದಿಂದಲ್ಲ, ಮೊದಲೇ ಮಾತಾಡಿಕೊಳ್ಳದ್ದರಿಂದ.

2. ತಂಡ ಹಂಚುವಾಗ ಯಾರ ಮನಸ್ಸೂ ನೋಯದಿರಲಿ. ಇಬ್ಬರು ನಾಯಕರು ಒಬ್ಬೊಬ್ಬರನ್ನೇ ಆರಿಸುತ್ತ ಹೋದರೆ ಕೊನೆಗೆ ಉಳಿದವನ ಮುಖ ನೋಡಲಾಗದು. ಹಳ್ಳಿಯ ಆಟಗಳಲ್ಲಿ ಒಳ್ಳೆಯ ಉಪಾಯವಿತ್ತು. ಸಮಬಲದ ಇಬ್ಬರು ಜೋಡಿಯಾಗಿ ದೂರ ಹೋಗಿ ‘ಸೂರ್ಯ’, ‘ಚಂದ್ರ’ ಎಂದು ಗುಟ್ಟಾಗಿ ಹೆಸರಿಟ್ಟುಕೊಂಡು ಬರುತ್ತಾರೆ. ನಾಯಕ ಒಂದು ಹೆಸರು ಕೇಳುತ್ತಾನೆ. ಆ ಹೆಸರಿನವನು ಅವನ ಕಡೆ. ತಂಡಗಳೂ ಸಮವಾಗುತ್ತವೆ, ಯಾರೂ ಕೊನೆಯವರಾಗುವುದಿಲ್ಲ.

3. ತೀರ್ಪುಗಾರರ ಜೊತೆ ನಾಯಕ ಮಾತ್ರ ಮಾತನಾಡಲಿ. ವಾಲಿಬಾಲ್ ನಿಯಮದಲ್ಲೇ ಹೀಗಿದೆ. 2024ರ ಯುರೋಪ್ ಫುಟ್‌ಬಾಲ್ ಚಾಂಪಿಯನ್‌ಷಿಪ್‌ನಲ್ಲೂ ಇದೇ ಸೂಚನೆ ಕೊಡಲಾಗಿತ್ತು. ಹತ್ತು ಜನ ಮುತ್ತಿಗೆ ಹಾಕಿದರೆ ಅದು ಪ್ರಶ್ನೆಯಲ್ಲ, ಬೆದರಿಕೆ.

4. ಸರದಿಯ ಮೇಲೆ ಎಲ್ಲರೂ ಅಂಪೈರ್ ಆಗಲಿ. ತೀರ್ಪು ಕೊಡುವ ಕಷ್ಟ ಒಮ್ಮೆ ಅನುಭವಕ್ಕೆ ಬಂದರೆ ಕೂಗಾಡುವ ಬಾಯಿ ತಾನಾಗಿ ತಗ್ಗುತ್ತದೆ.

5. ಅಭ್ಯಾಸ ಪಂದ್ಯಗಳಲ್ಲಿ ‘ತಾಗಿದರೆ ಕೈ ಎತ್ತು’ ಎಂಬ ನಿಯಮವಿರಲಿ. ಕೈ ಎತ್ತಿದ ಹುಡುಗಿಯನ್ನು, ಹುಡುಗನನ್ನು ಎಲ್ಲರೆದುರು ಮೆಚ್ಚಿಕೊಳ್ಳಿ. ಗೋಲು ಹೊಡೆದವನಿಗಷ್ಟೇ ಚಪ್ಪಾಳೆಯಾದರೆ ಮಕ್ಕಳು ಗೋಲನ್ನಷ್ಟೇ ಕಲಿಯುತ್ತಾರೆ.

6. ಸಿಟ್ಟಿಗೆ ಎರಡು ನಿಮಿಷ ಕೊಡಿ. ಹಾಕಿಯಲ್ಲಿ ಹಸಿರು ಕಾರ್ಡ್ ಕಂಡವರು ಎರಡು ನಿಮಿಷ ಹೊರಗಿರಬೇಕು. ಚಿಕ್ಕವರ ಆಟಕ್ಕೂ ಇದು ಹೊಂದುತ್ತದೆ. ಇದು ಶಿಕ್ಷೆಗಿಂತ ಹೆಚ್ಚಾಗಿ ತಣ್ಣಗಾಗಲು ಸಮಯ.

ಸೋತ ಸಂಜೆ

ಸೋತ ಮಗು ಅತ್ತರೆ ‘ಗಂಡಸಾಗಿ ಅಳ್ತೀಯಾ?’ ಎಂದು ಗದರಬೇಡಿ. ಮನಸ್ಸಿಟ್ಟು ಆಡಿದ್ದಕ್ಕೇ ಅಳು ಬಂದಿದೆ. ಸ್ವಲ್ಪ ಹೊತ್ತು ಬಿಡಿ. ಮೊದಲು ಎದುರು ತಂಡದವರ ಕೈ ಕುಲುಕಿ ಬರಲಿ, ಆಮೇಲೆ ಅಳಲಿ. ಏಕೆ ಸೋತೆವು ಎಂಬ ಮಾತು ಮರುದಿನಕ್ಕಿರಲಿ. ಆ ಮಾತಿನಲ್ಲಿ ಪಿಚ್ಚು, ಬಿಸಿಲು, ಅಂಪೈರ್ ಇವರೇ ಕಾರಣರಾದರೆ ‘ಕುಣಿಯಲಾರದವಳು ನೆಲ ಡೊಂಕು ಎಂದಳಂತೆ’ ಎಂಬ ಗಾದೆಯನ್ನು ನಗುತ್ತಲೇ ನೆನಪಿಸಿ. ಗೆದ್ದ ಸಂಜೆ ಇನ್ನೂ ಕಷ್ಟದ್ದು. ಸಂತೋಷಪಡಲಿ, ಕುಣಿಯಲಿ, ಸೋತವರ ಮುಖದೆದುರು ಮಾತ್ರ ಬೇಡ.

ನೋಡುವವರ ಪಾಲು

1999ರ ಜನವರಿ 31ರಂದು ಚೆನ್ನೈ ಟೆಸ್ಟ್‌ನಲ್ಲಿ ಪಾಕಿಸ್ತಾನದ ಎದುರು ಭಾರತ ಕೇವಲ 12 ಓಟಗಳಿಂದ ಸೋತಿತು. ಸಚಿನ್ ತೆಂಡೂಲ್ಕರ್ ಬೆನ್ನುನೋವಿನಲ್ಲೂ 136 ಓಟ ಹೊಡೆದು, ಗೆಲುವು ಕಣ್ಣೆದುರಿಗಿದ್ದಾಗ ಔಟಾಗಿದ್ದರು. ಚೆಪಾಕ್‌ನ ಜನ ಒಂದು ಕ್ಷಣ ಸ್ತಬ್ಧರಾದರು. ಬಳಿಕ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಪಾಕಿಸ್ತಾನದ ಆಟಗಾರರು ಮೈದಾನಕ್ಕೆ ಸುತ್ತು ಬಂದು ಆ ಗೌರವ ಸ್ವೀಕರಿಸಿದರು. ಅದಕ್ಕೆ ಮೂರು ವರ್ಷ ಮೊದಲು, 1996ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ, ಭಾರತ ಸೋಲುವುದನ್ನು ಸಹಿಸದ ಕಲ್ಕತ್ತೆಯ ಪ್ರೇಕ್ಷಕರು ಬಾಟಲಿ ಎಸೆದು ಬೆಂಕಿ ಹಚ್ಚಿದ್ದರಿಂದ ಪಂದ್ಯವೇ ನಿಂತು, ಶ್ರೀಲಂಕಾವನ್ನು ವಿಜಯಿ ಎಂದು ಘೋಷಿಸಬೇಕಾಯಿತು. ಸೋಲು ಎರಡೂ ಕಡೆ ಒಂದೇ. ನಡತೆ ಬೇರೆ. ತಾಲ್ಲೂಕು ಮಟ್ಟದ ಖೋ ಖೋ ಪಂದ್ಯದಲ್ಲಿ ಗೆರೆಯಾಚೆ ನಿಂತ ನೀವೂ ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳುತ್ತೀರಿ.

ಶಾಲಾ ತಂಡದಲ್ಲಿ ಆಡಿದ ಎಲ್ಲರೂ ದೇಶಕ್ಕೆ ಆಡುವುದಿಲ್ಲ. ಬಹುತೇಕರು ಮುಂದೆ ಅಂಗಡಿ, ಕಚೇರಿ, ಹೊಲ, ಆಸ್ಪತ್ರೆಗಳಲ್ಲಿ ದುಡಿಯುತ್ತಾರೆ. ಅಲ್ಲಿಯೂ ಯಾರೂ ನೋಡದ ಕ್ಷಣಗಳಿರುತ್ತವೆ, ಗೊತ್ತಾಗದಂತೆ ಗೆಲ್ಲುವ ಅವಕಾಶಗಳಿರುತ್ತವೆ. ಬೆರಳಿಗೆ ಚೆಂಡು ತಾಗಿದಾಗ ಕೈ ಎತ್ತಿ ಅಭ್ಯಾಸವಾದವರಿಗೆ ಅಂಥ ಕ್ಷಣಗಳು ಹೊಸತಾಗಿರುವುದಿಲ್ಲ.

ಗೆಳೆಯರೊಡನೆ ಚರ್ಚಿಸಿ

1. 1987ರ ವಿಶ್ವಕಪ್‌ನಲ್ಲಿ ಲಾಹೋರ್‌ನಲ್ಲಿ ವೆಸ್ಟ್ ಇಂಡೀಸ್‌ನ ಕೋರ್ಟ್ನಿ ವಾಲ್ಶ್, ಎಸೆತಕ್ಕೆ ಮೊದಲೇ ಗೆರೆ ಬಿಟ್ಟ ಪಾಕಿಸ್ತಾನದ ಆಟಗಾರನನ್ನು ಔಟ್ ಮಾಡದೆ ಎಚ್ಚರಿಸಿ ಬಿಟ್ಟರು. ಅವರ ತಂಡ ಸೋತಿತು. 2022ರಲ್ಲಿ ನಿಯಮಾವಳಿಯು ಇಂಥ ಔಟನ್ನು ‘ಅನುಚಿತ ಆಟ’ದ ವಿಭಾಗದಿಂದ ತೆಗೆದು ‘ರನೌಟ್’ ವಿಭಾಗಕ್ಕೆ ಸೇರಿಸಿತು. ನಿಮ್ಮ ತಂಡದಲ್ಲಿ ಹೀಗಾದರೆ ನೀವೇನು ಮಾಡುತ್ತೀರಿ? ಏಕೆ?

2. ನಿಮ್ಮ ನಾಯಕನೇ ಮೋಸ ಮಾಡಲು ಹೇಳಿದರೆ ಏನು ಹೇಳುವಿರಿ?

3. ನಿಮ್ಮ ತಂಡದಲ್ಲಿ ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎನಿಸಿಕೊಂಡವರು ಯಾರಾದರೂ ಇದ್ದಾರೆಯೇ? ಮುಂದಿನ ಪಂದ್ಯದಲ್ಲಿ ಅವರಿಗೆ ಯಾವ ಹೊಣೆ ಕೊಡಬಹುದು?